‘ಒಪ್ಪು’: ದಿನಬಳಕೆಯ ಸೃಜನಶೀಲತೆಯನ್ನು ಕುರಿತು ಒಂದು ವಿವೇಚನೆ

ಕನ್ನಡ ವಿಮರ್ಶೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ಕಡಿಮೆ ಪರೀಕ್ಷೆಗೆ ಒಳಗಾಗುವ ಪದಗಳಲ್ಲಿ ‘ಸೃಜನಶೀಲತೆ’ಯೂ ಒಂದು. ಕತೆ, ಕವಿತೆ, ನಾಟಕ, ಕಾದಂಬರಿಗಳನ್ನು ಸೃಜನಶೀಲವೆಂದೂ, ಸಂಶೋಧನೆ, ವಿಚಾರ ಸಾಹಿತ್ಯ, ಶಾಸ್ತ್ರಗ್ರಂಥಗಳನ್ನು ಸೃಜನೇತರವೆಂದೂ ವಿಂಗಡಿಸುವುದು ನಮ್ಮಲ್ಲಿ ರೂಢಿಯಾಗಿದೆ. ಪಠ್ಯಕ್ರಮಗಳು, ಬಹುಮಾನಗಳು, ಪುಸ್ತಕಪಟ್ಟಿಗಳು ಈ ವಿಂಗಡಣೆಯನ್ನು ನಿಸರ್ಗಸಿದ್ಧವೆಂಬಂತೆ ಪಾಲಿಸುತ್ತಿವೆ. ಆದರೆ ಇದು ಬರಹದ ಒಳಗಿನ ವಿಂಗಡಣೆ. ಬರಹದ ಆಚೆ, ಅಂಗಳ, ಹಿತ್ತಿಲು, ಅಡುಗೆಮನೆಗಳಲ್ಲಿ ನಡೆಯುವ ರಚನೆಗೆ ಸೃಜನೇತರವೆಂಬ ಹೆಸರೂ ದಕ್ಕಿಲ್ಲ. ಅದು ಒಂದೋ ‘ಕೆಲಸ’, ಇಲ್ಲವೇ ‘ಸಂಪ್ರದಾಯ’. ಕೆಲಸ ಎಂದಾಗ ಅದರಲ್ಲಿ ಆಯ್ಕೆಯಿಲ್ಲವೆಂದೂ, ಸಂಪ್ರದಾಯ ಎಂದಾಗ ಅದರಲ್ಲಿ ವ್ಯಕ್ತಿಯಿಲ್ಲವೆಂದೂ ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಈ ಎರಡು ತೀರ್ಮಾನಗಳೂ ಪರಿಶೀಲನೆಗೆ ಯೋಗ್ಯವಾದವು ಎಂಬುದು ಪ್ರಸ್ತುತ ಲೇಖನದ ನಿಲುವು.

ಪದದಿಂದಲೇ ಆರಂಭಿಸಬಹುದು. ‘ಸೃಜ್’ ಧಾತುವಿನಿಂದ ಸಂಸ್ಕೃತ ವ್ಯಾಕರಣದ ಪ್ರಕಾರ ಸಿದ್ಧವಾಗಬೇಕಾದ ರೂಪ ‘ಸರ್ಜನ’. ದೇಶಭಾಷೆಗಳ ಬಳಕೆ ‘ಸೃಜನ’ವನ್ನು ಉಳಿಸಿಕೊಂಡಿದೆ, ವೈಯಾಕರಣರು ಮುನಿದರೂ ಅದಿನ್ನು ಹೋಗುವಂತಿಲ್ಲ. ಇಲ್ಲಿ ಗಮನಿಸಬೇಕಾದದ್ದು ಧಾತುವಿನ ಅರ್ಥವನ್ನು. ಬಿಡುವುದು, ಹೊರಹಾಕುವುದು, ಹರಿಯಗೊಡುವುದು ಅದರ ಮೂಲಾರ್ಥ. ‘ವಿಸರ್ಜನೆ’ ಹುಟ್ಟಿದ್ದೂ ಅದೇ ಧಾತುವಿನಿಂದ. ನಾವು ಸೃಷ್ಟಿಯನ್ನು ಗಳಿಕೆಯೊಂದಿಗೆ, ಹೆಸರಿನೊಂದಿಗೆ, ಉಳಿಯುವ ಕೃತಿಯೊಂದಿಗೆ ಸಮೀಕರಿಸಿದ್ದೇವೆ. ಪದವು ಬೇರೊಂದನ್ನು ಹೇಳುತ್ತಿದೆ.

ಭಾರತೀಯ ಕಾವ್ಯಮೀಮಾಂಸೆ ‘ಪ್ರತಿಭೆ’ಯನ್ನು ಕುರಿತು ಆಡಿದ ಮಾತುಗಳಲ್ಲಿ ಅಭಿನವಗುಪ್ತನ ಗುರುವಾದ ಭಟ್ಟತೌತನ ವ್ಯಾಖ್ಯೆಯೇ ನಮ್ಮಲ್ಲಿ ಹೆಚ್ಚು ಪ್ರಚಲಿತ. ಹೊಸಹೊಸದಾಗಿ ಅರಳುವ ಪ್ರಜ್ಞೆಯೇ ಪ್ರತಿಭೆ ಎಂಬ ಆ ಮಾತಿನಿಂದ ನವೋದಯವು ‘ಹೊಸತು’ ಎಂಬುದನ್ನು ಎತ್ತಿಕೊಂಡಿತು. ನವ್ಯವು ಅದನ್ನು ಇನ್ನಷ್ಟು ಹರಿತಗೊಳಿಸಿ, ಹಿಂದಿನದನ್ನು ಮುರಿಯುವುದೇ ಹೊಸತೆಂದು ಸಾಧಿಸಿತು. ಆದರೆ ಅದೇ ಪರಂಪರೆಯ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಬೇರೆಬೇರೆ ಕಾರಣಗಳಾಗಿ ಅಲ್ಲ, ಕೂಡಿ ನಿಂತ ಒಂದೇ ಕಾರಣವಾಗಿ ಹೇಳಿದ. ರಾಜಶೇಖರನು ರಚಿಸುವ ಪ್ರತಿಭೆಯ ಪಕ್ಕದಲ್ಲಿಯೇ ಗ್ರಹಿಸಿ ತೂಗುವ ಭಾವಯಿತ್ರೀ ಪ್ರತಿಭೆಯನ್ನೂ ಇಟ್ಟ. ಅಭ್ಯಾಸ ಮತ್ತು ತೂಗುವಿಕೆ ಎಂಬ ಈ ಎರಡು ಎಳೆಗಳು ನಮ್ಮ ಆಧುನಿಕ ವಿಮರ್ಶೆಯ ಕೈಯಿಂದ ಜಾರಿಹೋದವು. ದಿನಬಳಕೆಯ ಸೃಜನಶೀಲತೆ ನಮಗೆ ಕಾಣದಿರುವುದಕ್ಕೆ ಇದು ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಕವಿರಾಜಮಾರ್ಗವನ್ನೂ ಇಲ್ಲಿ ನೆನೆಯಬೇಕು. ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಈ ನಾಡಿನ ಜನ ಎಂಬ ಅದರ ಮಾತು ರಾಜ್ಯೋತ್ಸವದ ಭಾಷಣಗಳಲ್ಲಿ ಹೆಮ್ಮೆಯ ಸರಕಾಗಿ ಸವೆದಿದೆ. ಅದೇ ಸಂದರ್ಭದಲ್ಲಿ ಆ ಗ್ರಂಥವು, ಎಲ್ಲರೂ ತಂತಮ್ಮ ನುಡಿಯಲ್ಲಿ ಜಾಣರು, ಚಿಕ್ಕ ಮಕ್ಕಳೂ ಮೂಗರೂ ಸಹ ವಿವೇಕವನ್ನು ಅರಿಯಿಸಬಲ್ಲರು ಎನ್ನುತ್ತದೆ. ಒಂಬತ್ತನೆಯ ಶತಮಾನದ ರಾಜಾಸ್ಥಾನದ ಗ್ರಂಥವೊಂದು ಜನಸಾಮಾನ್ಯರಿಗೆ ಕೊಟ್ಟದ್ದು ಬರಿಯ ಭಾವುಕತೆಯನ್ನಲ್ಲ, ವಿವೇಕವನ್ನು. ನಾವು ಅದನ್ನು ಹಿಂದೆ ಪಡೆದಂತಿದೆ.

ಹಾಗೆಂದು ‘ಎಲ್ಲರೂ ಕಲಾವಿದರೇ’ ಎಂಬ ಉದಾರವಾದ ಘೋಷಣೆಯಿಂದ ಪ್ರಯೋಜನವಿಲ್ಲ. ಕಲಾವಿದನೆಂದರೆ ವಿಶಿಷ್ಟ ಜಾತಿಯ ಮನುಷ್ಯನಲ್ಲ ಎಂದು ಆನಂದ ಕುಮಾರಸ್ವಾಮಿ ವಾದಿಸಿದ್ದರ ಹಿಂದೆ ಕಸುಬುಗಳ ಕಟ್ಟುನಿಟ್ಟಾದ ಶಿಸ್ತನ್ನು ಕುರಿತ ತಿಳಿವಳಿಕೆಯಿತ್ತು. ಆ ಶಿಸ್ತನ್ನು ಬಿಟ್ಟು ಮಾತನ್ನಷ್ಟೇ ಎತ್ತಿಕೊಂಡರೆ, ಒಳ್ಳೆಯ ಕೌದಿಗೂ ಕೆಟ್ಟ ಕೌದಿಗೂ ವ್ಯತ್ಯಾಸವಿಲ್ಲವೆಂದು ಒಪ್ಪಬೇಕಾಗುತ್ತದೆ. ಕೌದಿ ಹೊಲಿಯುವ ಯಾವ ಹೆಣ್ಣುಮಗಳೂ ಇದನ್ನು ಒಪ್ಪಲಾರಳು.

ಉತ್ತರ ಕರ್ನಾಟಕದ ಕೌದಿಯನ್ನೇ ತುಸು ವಿವರವಾಗಿ ನೋಡೋಣ. ಉಟ್ಟು ಸವೆದ ಸೀರೆ, ಧೋತರ, ಕುಪ್ಪಸಗಳು ಇದರ ಸಾಮಗ್ರಿ. ಸವೆತವೂ ಎಲ್ಲೆಡೆ ಸಮನಾಗಿರುವುದಿಲ್ಲ. ಧೋತರ ಮೊಣಕಾಲಿನ ಬಳಿ, ಕೂರುವ ಭಾಗದಲ್ಲಿ ತೆಳುವಾಗಿರುತ್ತದೆ. ಇಳಕಲ್ಲ ಸೀರೆಯ ಹತ್ತಿಯ ಒಡಲು ಮೆತ್ತಗಾಗಿ ಹರಿದರೂ ಅಂಚು ಗಟ್ಟಿಯಾಗಿ ಉಳಿದಿರುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸದಲ್ಲಿ ಕಂಕುಳು ಹೋಗಿರುತ್ತದೆ, ಬೆನ್ನು ಚೆನ್ನಾಗಿರುತ್ತದೆ. ಆದ್ದರಿಂದ ಕೌದಿಯ ಮೊದಲ ಕ್ರಿಯೆ ಹೊಲಿಗೆಯಲ್ಲ, ಓದು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಎಳೆದು, ಯಾವುದು ಮೇಲೆ ಬರಬೇಕು, ಯಾವುದು ಒಳಪದರದಲ್ಲಿ ಅಡಗಬೇಕು, ಯಾವುದು ದೀಪದ ಬತ್ತಿಗಷ್ಟೇ ಯೋಗ್ಯ ಎಂದು ತೀರ್ಮಾನಿಸುವುದು.

ಎರಡನೆಯದು ಜೋಡಣೆ. ಹೊಸ ಬಟ್ಟೆಯ ತುಣುಕನ್ನು ಹಳೆಯದರ ಮಗ್ಗುಲಿಗೆ ಇಟ್ಟರೆ, ಒಗೆದಾಗ ಹೊಸದು ಮುದುರಿ ಹಳೆಯದನ್ನು ಹರಿಯುತ್ತದೆ. ಬಣ್ಣ ಬಿಡುವ ಕೆಂಪನ್ನು ಬಿಳಿಯ ಪಕ್ಕ ಇಡುವಂತಿಲ್ಲ. ಈ ನಿರ್ಬಂಧಗಳ ನಡುವೆ ಬಣ್ಣದ ಆಯ್ಕೆ ನಡೆಯಬೇಕು. ಮೂರನೆಯದು ಹೊಲಿಗೆ. ಪದರಗಳನ್ನು ಕೂಡಿಸಿ ಉದ್ದಕ್ಕೂ ಸಾಲುಸಾಲಾಗಿ ದಾರ ಹಾಯಿಸುವಾಗ ಸಾಲುಗಳು ತೀರ ಒತ್ತಾದರೆ ಕೌದಿ ಬಿರುಸಾಗುತ್ತದೆ, ಬಿಡಿಯಾದರೆ ಒಳಪದರ ಸರಿದು ಗಂಟುಗಟ್ಟುತ್ತದೆ. ಬಾಣಂತಿಯ ಕೋಣೆಗೆ ಬೇಕಾದ ಮೆದುತನ ಬೇರೆ, ಹೊಲದ ಗುಡಿಸಲಿಗೆ ಬೇಕಾದ ಗಟ್ಟಿತನ ಬೇರೆ. ಹೊಲಿಯುವವಳ ಕೈ ಇದನ್ನು ಲೆಕ್ಕವಿಲ್ಲದೆ ಅಳೆಯುತ್ತದೆ. ಲೆಕ್ಕವಿಲ್ಲದಿರುವುದರಿಂದಲೇ ನಾವು ಅದನ್ನು ಯಾಂತ್ರಿಕವೆಂದು ಭಾವಿಸುತ್ತೇವೆ.

ಇಂಥ ಜೋಡಣೆಯ ಬುದ್ಧಿಗೆ ಲೆವಿಸ್ಟ್ರಾಸ್ ೧೯೬೨ರ ತನ್ನ ಗ್ರಂಥದಲ್ಲಿ ‘ಬ್ರಿಕೊಲಾಜ್’ ಎಂಬ ಹೆಸರು ಕೊಟ್ಟ. ಕೈಗೆ ಸಿಕ್ಕಿದ್ದರಿಂದ ಕೆಲಸ ಸಾಗಿಸುವವನನ್ನು ಯೋಜನೆ ಹಾಕಿ ಸಾಮಗ್ರಿ ತರಿಸುವ ಎಂಜಿನಿಯರನ ಎದುರು ನಿಲ್ಲಿಸಿ ನೋಡುವ ಈ ಪರಿಕಲ್ಪನೆ ಆಕರ್ಷಕವೇ. ಕೌದಿಯ ಮಟ್ಟಿಗೆ ಅದು ಅರ್ಧ ದೂರ ಮಾತ್ರ ಬರುತ್ತದೆ. ಏಕೆಂದರೆ ಕೌದಿಯಲ್ಲಿ ಯೋಜನೆಯೂ ಇದೆ, ಕಾಯುವಿಕೆಯೂ ಇದೆ. ಇಂಥದೊಂದು ಅಂಚು ಸಿಗಲೆಂದು ವರ್ಷಗಟ್ಟಲೆ ಗಂಟಿನಲ್ಲಿ ಕಾದಿಟ್ಟ ತುಂಡುಗಳಿರುತ್ತವೆ. ಸಿಕ್ಕಿದ್ದನ್ನು ಬಳಸುವುದಕ್ಕಿಂತ, ಸಿಕ್ಕಿದ್ದನ್ನು ಬಳಸದೆ ತಡೆದಿಡುವುದರಲ್ಲಿ ಆಕೆಯ ವಿವೇಕ ಹೆಚ್ಚಾಗಿ ತೋರುತ್ತದೆ.

ಈ ವಿವೇಕಕ್ಕೆ ಅವರದೇ ಆದ ಪರಿಭಾಷೆಯಿದೆ. ‘ಇದು ಅಲ್ಲಿ ಒಪ್ಪೂದಿಲ್ಲ’, ‘ಇದು ಒಪ್ಪತೈತಿ’. ಹಳಗನ್ನಡದಲ್ಲಿ ‘ಒಪ್ಪು’ ಎಂದರೆ ಶೋಭಿಸು, ‘ಒಪ್ಪ’ ಎಂದರೆ ಚೆಲುವು, ಹೊಳಪು. ಇಂದಿನ ಕನ್ನಡದಲ್ಲಿ ಒಪ್ಪುವುದೆಂದರೆ ಸಮ್ಮತಿಸುವುದು, ಹೊಂದುವುದು. ಚೆಲುವು, ಹೊಂದಿಕೆ, ಸಮ್ಮತಿ ಮೂರೂ ಒಂದೇ ಮಾತಿನಲ್ಲಿವೆ. ಸಂಸ್ಕೃತದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನು ಕುರಿತು ಗ್ರಂಥವನ್ನೇ ಬರೆದ. ನಮ್ಮ ವಿಮರ್ಶೆ ಔಚಿತ್ಯವನ್ನು ಪರಿಭಾಷೆಯಾಗಿ ಸ್ವೀಕರಿಸಿ ಒಪ್ಪನ್ನು ಆಡುಮಾತಿಗೆ ಬಿಟ್ಟಿತು. ಆದರೆ ಔಚಿತ್ಯದಲ್ಲಿಲ್ಲದ ಒಂದು ಅಂಶ ಒಪ್ಪಿನಲ್ಲಿದೆ: ಅದನ್ನು ಯಾರೋ ಒಪ್ಪಬೇಕು. ಪಕ್ಕದಲ್ಲಿ ಕುಳಿತು ದಾರ ಪೋಣಿಸಿ ಕೊಡುವವಳು, ಓಣಿಯಲ್ಲಿ ಹಾಯುತ್ತ ಒಂದು ಗಳಿಗೆ ನಿಂತು ನೋಡುವವಳು ಈ ಕೃತಿಯ ಭಾವಯಿತ್ರಿಯರು. ಅವರ ಕಣ್ಣನ್ನು ಎಣಿಸಿಯೇ ಕೈ ಸಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ಕೌದಿಯನ್ನು ಕುರಿತ ನಮ್ಮ ಬರಹಗಳು ಬಹುಮಟ್ಟಿಗೆ ಅಜ್ಜಿಯ ಮಮತೆಯ, ಬೆಚ್ಚನೆಯ ನೆನಪಿನ ಬರಹಗಳು. ಬಟ್ಟೆ ಒಂದು ಮನೆಯದು, ಹೊಲಿಯುವ ಕೈ ಇನ್ನೊಂದು ಮನೆಯದು ಎಂಬ ಸಂದರ್ಭಗಳು ಧಾರಾಳವಾಗಿವೆ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಮನೆಯ ಒಡತಿ ತಂದು ಸುರುವಿದ ಗಂಟಿನಿಂದ ಕೆಲಸ ಆರಂಭಿಸುತ್ತಾರೆ. ನೆನಪು ಒಡತಿಯದು, ವಿನ್ಯಾಸ ಕೂಲಿಯವಳದು. ಮುಂದೆ ಆ ಕೌದಿ ‘ನಮ್ಮ ಅವ್ವನ ಸೀರೆಯದು’ ಎಂದು ಗುರುತಾಗುತ್ತದೆ, ಹೊಲಿದವಳದೆಂದು ಅಲ್ಲ. ಕರ್ತೃತ್ವದ ಪ್ರಶ್ನೆ ಹೀಗೆ ಜಾತಿ ಮತ್ತು ಕೂಲಿಯ ಪ್ರಶ್ನೆಯೂ ಆಗುವುದನ್ನು ‘ಜಾನಪದ ಸೌಂದರ್ಯ’ ಎಂಬ ನುಡಿಗಟ್ಟು ಮುಚ್ಚಿಹಾಕುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರ ಕವಂದಿ ಇದಕ್ಕಿಂತ ಭಿನ್ನವಾದ ಕ್ರಮದಲ್ಲಿ ಸಾಗುತ್ತದೆ. ಆಫ್ರಿಕದ ಮೂಲದ ಈ ಸಮುದಾಯದ ಹೆಂಗಸರು ಒಂದು ಅಂಚಿನಿಂದ ಆರಂಭಿಸಿ, ತುಣುಕುಗಳನ್ನು ಸೇರಿಸುತ್ತ, ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಚಿ ಕೂಡಿಸಿದ ಸಣ್ಣ ತುಣುಕುಗಳನ್ನು ಅವರು ‘ಫೂಲ್’ ಎನ್ನುತ್ತಾರೆ. ಅವಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಅಪೂರ್ಣ, ಬೆತ್ತಲೆ. ಬಳಕೆಯ ದೃಷ್ಟಿಯಿಂದ ಆ ಮೂಲೆಯ ಹೂವಿಗೆ ಕೆಲಸವೇನೂ ಇಲ್ಲ. ಆದರೂ ಅದು ಅಲಂಕಾರವಲ್ಲ, ಅನಿವಾರ್ಯ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಭ್ಯಸಿಸಿ ಪ್ರದರ್ಶನಗಳಿಗೆ ಒಯ್ದದ್ದು ಪ್ರಸಿದ್ಧ. ಅವರ ದಾಖಲೆಗಳಲ್ಲಿ ಹೊಲಿದವರು ಹೆಸರುಳ್ಳ ಕಲಾವಿದೆಯರು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸಿದ್ದಿ ಹೆಂಗಸರು ಕನ್ನಡ ವಿಮರ್ಶೆಯ ಪಟ್ಟಿಗೆ ಇನ್ನೂ ಸೇರಿದಂತಿಲ್ಲ.

ಬಟ್ಟೆಯಿಂದ ಮಾತಿಗೆ ಬಂದರೆ ಇದೇ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಗಿ ಎದುರಾಗುತ್ತದೆ. ಬೀಸುವ ಪದಗಳನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಬರಹವಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತರದಿದ್ದರೆ ಆಧುನಿಕ ಕನ್ನಡ ಕಾವ್ಯದ ದಿಕ್ಕೇ ಬೇರೆಯಾಗುತ್ತಿತ್ತು ಎನ್ನುವಷ್ಟು ಅದರ ಪರಿಣಾಮ ದೊಡ್ಡದು. ಆ ಉಪಕಾರವನ್ನು ಒಪ್ಪಿಕೊಂಡೇ ಎರಡು ಮಾತು ಹೇಳಬೇಕಾಗಿದೆ. ಮೊದಲನೆಯದು ಹೆಸರನ್ನು ಕುರಿತದ್ದು. ‘ಗರತಿ’ ಎಂಬುದು ಒಬ್ಬ ಹೆಣ್ಣಿನ ಹೆಸರಲ್ಲ, ಒಂದು ಮಾದರಿಯ ಹೆಸರು. ಹಾಡಿದವಳ ಜಾಗದಲ್ಲಿ ಮಾದರಿಯೊಂದು ಬಂದು ಕುಳಿತಿತು. ಜನವಾಣಿಯನ್ನು ಬೇರಿಗೂ ಕವಿವಾಣಿಯನ್ನು ಹೂವಿಗೂ ಹೋಲಿಸಿದ ಬಿ.ಎಂ.ಶ್ರೀ. ಅವರ ಪ್ರಸಿದ್ಧ ರೂಪಕವೂ ಗೌರವದಿಂದ ಹುಟ್ಟಿದ್ದೇ. ಆದರೆ ಬೇರಿಗೆ ಹೂಬಿಡುವ ಹಕ್ಕಿಲ್ಲ, ಅದು ಸದಾ ಇನ್ನೊಬ್ಬರ ಅರಳಿಕೆಗೆ ನೀರು ಹೊತ್ತುಕೊಡಬೇಕು.

ಎರಡನೆಯ ಮಾತು ಹೆಚ್ಚು ಮುಖ್ಯವಾದದ್ದು. ಬೀಸುವ ಪದಗಳ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಿಂದಕ್ಕೆ ಹೋಗುವ ಅಚ್ಚಗನ್ನಡದ ಮಟ್ಟು. ಹನ್ನೊಂದು ಗಣಗಳ, ಆರನೆಯ ಮತ್ತು ಹತ್ತನೆಯ ಗಣ ಬ್ರಹ್ಮಗಣವಾಗಿರಬೇಕಾದ ಈ ಪದ್ಯದಲ್ಲಿ ಒಬ್ಬ ಹಾಡುಗಾರ್ತಿ ಮಾಡಬಹುದಾದ ಬದಲಾವಣೆ ಅಲ್ಪ. ಅಣ್ಣನ ಹೆಸರು, ಊರ ಹೆಸರು, ಹೂವಿನ ಹೆಸರು, ಒಂದು ಗುಣವಾಚಕ. ಬಿಡಿ ತ್ರಿಪದಿಗಳು ಬಹುಪಾಲು ತಾಯಿಯಿಂದ, ಅತ್ತಿಗೆಯಿಂದ, ನೆರೆಯವರಿಂದ ಬಂದವು. ಹಾಗಾದರೆ ಇವಳದೇನು? ಇವಳದು ಪೋಣಿಕೆ. ಯಾವ ತ್ರಿಪದಿಯ ಮೇಲೆ ಯಾವುದು ಬರಬೇಕು, ತವರಿನ ನೆನಪಿನಿಂದ ಅತ್ತೆಯ ಮನೆಯ ಮಾತಿಗೆ ಎಲ್ಲಿ ಹೊರಳಬೇಕು, ಎದುರಿಗೆ ಕುಳಿತು ಗೂಟ ಹಿಡಿದವಳು ದನಿಗೂಡಿಸಿದಾಗ ಏನನ್ನು ಕೈಬಿಡಬೇಕು ಎಂಬ ತೀರ್ಮಾನಗಳು ಆ ನಸುಕಿನಲ್ಲಿ, ಆ ಕಲ್ಲಿನ ಮುಂದೆ, ಅವಳೇ ಕೈಗೊಂಡವು. ಕೌದಿಯಲ್ಲಿ ತುಣುಕು ಹಳೆಯದು, ಜೋಡಣೆ ಹೊಸದು; ಇಲ್ಲಿಯೂ ಹಾಗೆಯೇ. ನಮ್ಮ ಸಂಗ್ರಹಗಳು ಬಹುಮಟ್ಟಿಗೆ ಏನು ಮಾಡಿದವು? ಹಲವರು ಹಾಡಿದ ತ್ರಿಪದಿಗಳನ್ನು ಬಿಡಿಸಿ, ತವರು, ತಾಯಿ, ಅಣ್ಣತಂಗಿ, ದೈವ ಎಂದು ವಸ್ತುವಾರಾಗಿ ವಿಂಗಡಿಸಿ ಅಚ್ಚುಹಾಕಿದವು. ಕೌದಿಯನ್ನು ಬಿಚ್ಚಿ, ಕೆಂಪು ತುಣುಕುಗಳನ್ನು ಒಂದೆಡೆ, ಹಸಿರನ್ನು ಒಂದೆಡೆ ಪೇರಿಸಿಟ್ಟಂತಾಯಿತು ಇದು. ಅನಂತರ ಆ ರಾಶಿಗಳನ್ನು ನೋಡಿ, ಇದರಲ್ಲಿ ವ್ಯಕ್ತಿಯ ಮುದ್ರೆಯಿಲ್ಲ, ಇದು ಸಾಮೂಹಿಕ ಸೃಷ್ಟಿ ಎಂಬ ಸಿದ್ಧಾಂತವನ್ನು ಕಟ್ಟಿದೆವು.

ಯುಗೊಸ್ಲಾವಿಯದ ಮೌಖಿಕ ಗಾಯಕರನ್ನು ಮಿಲ್ಮನ್ ಪ್ಯಾರಿಯೊಂದಿಗೆ ಅಭ್ಯಸಿಸಿದ ಆಲ್ಬರ್ಟ್ ಲಾರ್ಡ್, ೧೯೬೦ರ ತನ್ನ ಗ್ರಂಥದಲ್ಲಿ, ಮೌಖಿಕ ಪರಂಪರೆಯಲ್ಲಿ ಪ್ರತಿ ಹಾಡಿಕೆಯೂ ಒಂದು ರಚನೆಯೇ ಎಂದು ತೋರಿಸಿದ. ನಮ್ಮ ಜಾನಪದ ವಿದ್ವಾಂಸರು ಈ ಸಿದ್ಧಾಂತವನ್ನು ಬಲ್ಲರು. ಆದರೆ ಅದನ್ನು ಮಹಾಕಾವ್ಯಗಳಿಗೆ, ಮಲೆಮಾದೇಶ್ವರ ಮಂಟೇಸ್ವಾಮಿ ಕಥನಗಳ ಗಾಯಕರಿಗೆ ಅನ್ವಯಿಸಿದಷ್ಟು ಬೀಸುವ ಕಲ್ಲಿನ ಮುಂದಿನ ಹೆಣ್ಣುಮಗಳಿಗೆ ಅನ್ವಯಿಸಲಿಲ್ಲ. ಗಾಯಕನಿಗೆ ದೀಕ್ಷೆಯಿತ್ತು, ಶ್ರೋತೃಗಳಿದ್ದರು. ಅವಳಿಗೆ ಇದ್ದದ್ದು ಜೋಳ ಮಾತ್ರ. ಗಡಿಯಾಚೆಯ ಮರಾಠಿಯಲ್ಲಿ ಗಿ ಪ್ವಾತವ್ಯಾಂ ಮತ್ತು ಹೇಮಾ ರಾಯರ್ಕರ್ ಆರಂಭಿಸಿದ ಬೀಸುವ ಪದಗಳ ಯೋಜನೆ ಒಂದು ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಹಾಡಿದವರ ಹೆಸರು, ಊರುಗಳ ಸಮೇತ ದಾಖಲಿಸಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವಾಗಿರಲಿಲ್ಲ.

ಆದರೆ ಅನಾಮಧೇಯತೆಯನ್ನು ಬರಿಯ ಅನ್ಯಾಯವೆಂದು ತಳ್ಳಿಹಾಕುವುದೂ ಆತುರದ ಮಾತಾದೀತು. ಅತ್ತೆ ಒಳಗೆ ಮಲಗಿ ಕೇಳುತ್ತಿರುವಾಗ ಸೊಸೆ ಬೀಸುತ್ತ ಅತ್ತೆಮನೆಯ ಕಾಠಿಣ್ಯವನ್ನು ಹಾಡಬಲ್ಲಳಾದರೆ, ಅದು ಹಾಡು ತನ್ನದಲ್ಲವಾದ್ದರಿಂದಲೇ. ಕೇಳಿದರೆ ‘ಇದು ಹಿಂದಿನಿಂದ ಬಂದ ಪದ, ನಾನು ಕಟ್ಟಿದ್ದಲ್ಲ’ ಎನ್ನಬಹುದು. ಹೆಸರಿಲ್ಲದಿರುವುದು ಅವಳಿಗೆ ನೆರಳು. ಪರಂಪರೆಯ ಮರೆಯಲ್ಲಿ ನಿಂತು ತನ್ನ ಮಾತನ್ನು ಆಡುವ ಈ ಜಾಣ್ಮೆಯನ್ನು ‘ಸಾಮೂಹಿಕ’ ಎಂಬ ಪದ ಗುರುತಿಸಲಾರದು. ‘ವೈಯಕ್ತಿಕ’ ಎಂಬ ಪದವೂ ಗುರುತಿಸಲಾರದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದರಲ್ಲಿ, ತನಗೆ ಗೊತ್ತಿದ್ದ ಒಂದು ಕತೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದ ಹೆಂಗಸಿನ ಮೇಲೆ ಅವೆರಡೂ ಸೇಡು ತೀರಿಸಿಕೊಳ್ಳುತ್ತವೆ. ಗಂಡಸಿನ ಜೋಡು, ಅಂಗಿಗಳಾಗಿ ಬಾಗಿಲಲ್ಲಿ ನಿಂತು ಮನೆಯಲ್ಲಿ ಜಗಳ ಹಚ್ಚುತ್ತವೆ. ಕಾರ್ನಾಡರ ‘ನಾಗಮಂಡಲ’ದ ಮೂಲಕ ಈ ಆಶಯ ರಂಗಭೂಮಿಗೂ ಬಂದಿತು. ಕತೆಯ ಪ್ರಕಾರ ಹಾಡು ಇರುವುದು ಇಟ್ಟುಕೊಳ್ಳುವುದಕ್ಕಲ್ಲ, ಬಿಡುವುದಕ್ಕೆ. ‘ಸೃಜ್’ ಧಾತುವಿನ ಅರ್ಥವನ್ನು ಯಾವ ನಿಘಂಟನ್ನೂ ನೋಡದ ಕತೆಗಾರ್ತಿಯೊಬ್ಬಳು ಹೀಗೆ ಬಿಡಿಸಿಟ್ಟಿದ್ದಾಳೆ.

ಅಂಗಳದ ರಂಗೋಲಿಯಲ್ಲಿ ಈ ಬಿಡುವಿಕೆ ನಿತ್ಯದ ವ್ಯವಹಾರ. ಹದಿನೈದರಿಂದ ಎಂಟರವರೆಗೆ ಸಂದುಚುಕ್ಕಿ ಎಂದರೆ ಬಲ್ಲವರಿಗೆ ಚೌಕಟ್ಟು ಸಿದ್ಧ. ಮದರಾಸಿನಲ್ಲಿ ಗಿಫ್ಟ್ ಸಿರೊಮೊನಿ ಮತ್ತು ಸಂಗಡಿಗರು ೧೯೭೦ರ ದಶಕದಲ್ಲಿ ತಮಿಳುನಾಡಿನ ಕೋಲಗಳಿಗೆ ಗಣಿತದ ವ್ಯಾಕರಣವನ್ನೇ ಬರೆದರು. ಗಣಕಯಂತ್ರ ಅದನ್ನು ಅನುಸರಿಸಬಲ್ಲದು. ನಿಯಮದಿಂದ ಹುಟ್ಟಬಹುದಾದ ವಿನ್ಯಾಸಗಳಲ್ಲಿ ಇಂದಿನ ಬೆಳಗಿಗೆ, ಈ ಸಣ್ಣ ಅಂಗಳಕ್ಕೆ, ನಿನ್ನೆ ಎದುರುಮನೆಯವಳು ಹಾಕಿದ್ದನ್ನು ಕಂಡ ಮೇಲೆ, ಯಾವುದು ಒಪ್ಪುತ್ತದೆ ಎಂಬುದನ್ನು ಮಾತ್ರ ವ್ಯಾಕರಣ ಹೇಳುವುದಿಲ್ಲ. ಮಧ್ಯಾಹ್ನದೊಳಗೆ ಕಾಲು, ಗಾಲಿ, ಗಾಳಿ ಅದನ್ನು ಅಳಿಸುತ್ತವೆ. ಅಳಿಯುವುದೆಂಬ ಕಾರಣಕ್ಕೆ ಯಾರೂ ವಕ್ರವಾಗಿ ಎಳೆಯುವುದಿಲ್ಲ.

ವಿದ್ಯುತ್ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಮದುವೆಯಲ್ಲಿ ಅರಿಶಿನ ಹಚ್ಚಿಸಿಕೊಳ್ಳುವುದಕ್ಕಷ್ಟೇ ಅದೀಗ ಹೊರಬರುತ್ತದೆ. ಇದಕ್ಕಾಗಿ ಹಲುಬುವ ಹಕ್ಕು ಬೀಸದವರಿಗಿಲ್ಲ. ಬೆಳಗಿನ ಜಾವದ ಆ ದುಡಿಮೆಯಿಂದ ಹೆಣ್ಣಿನ ರಟ್ಟೆಗೆ ಬಿಡುಗಡೆ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಕುಶಲಕರ್ಮಿಗಳ ತಂತ್ರಜ್ಞಾನದ ನಾಶವನ್ನು ಡಿ.ಆರ್. ನಾಗರಾಜ್ ಒಂದು ಬಗೆಯ ವಧೆಯೆಂದೇ ಕಂಡಿದ್ದರು. ಬೀಸುವ ಕಲ್ಲಿನ ವಿಷಯದಲ್ಲಿ ಆ ಮಾತನ್ನು ಎಚ್ಚರದಿಂದ ಬಳಸಬೇಕು. ಇಲ್ಲಿ ಕಳೆದದ್ದು ಉಪಕರಣವಲ್ಲ, ಪಠ್ಯವೂ ಅಲ್ಲ. ಪಠ್ಯ ಸಂಕಲನಗಳಲ್ಲಿ ಭದ್ರವಾಗಿದೆ. ಎದುರಿಗೆ ಕುಳಿತು, ಈ ಪದದ ಮೇಲೆ ಆ ಪದ ಸರಿಯಾಯಿತು ಎಂದು ತಲೆದೂಗುತ್ತಿದ್ದವಳು ಇಲ್ಲವಾದಳು. ವೇದಿಕೆಯ ಮೇಲೆ ಧ್ವನಿವರ್ಧಕದ ಮುಂದೆ, ಕೊಟ್ಟ ಐದು ನಿಮಿಷದಲ್ಲಿ, ಕಲ್ಲಿಲ್ಲದೆ ಬೀಸುವ ಪದ ಹಾಡುವ ಹಿರಿಯ ಹೆಣ್ಣುಮಗಳಿಗೆ ನಾವು ಶಾಲು ಹೊದಿಸಬಲ್ಲೆವು. ಅವಳು ಹಾಡಿದ ಮೂರನೆಯ ತ್ರಿಪದಿ ಎರಡನೆಯದಕ್ಕೆ ಒಪ್ಪಿತೇ ಇಲ್ಲವೇ ಎಂದು ಹೇಳಬಲ್ಲವರು ಆ ಸಭಾಂಗಣದಲ್ಲಿ ಎಷ್ಟು ಮಂದಿ?

ಕೌದಿಯ ಸ್ಥಿತಿ ತುಸು ಬೇರೆ. ಅದು ಸತ್ತಿಲ್ಲ, ಮಾರುಕಟ್ಟೆಗೆ ಬಂದಿದೆ. ಉಟ್ಟು ಸವೆದ ಸೀರೆಯ ಜಾಗದಲ್ಲಿ ಹೊಸ ಬಟ್ಟೆಯ ತುಣುಕು, ಓಣಿಯ ಕಣ್ಣಿನ ಜಾಗದಲ್ಲಿ ದೂರದ ಕೊಳ್ಳುವವರ ಕಣ್ಣು. ಇದರಿಂದ ಹೊಲಿಯುವವರ ಕೈಗೆ ನಾಲ್ಕು ಕಾಸು ಬರುವುದು ನ್ಯಾಯವೇ. ಗೋಡೆಗೆ ತೂಗುಹಾಕಿದ ಕೌದಿಯ ಕೆಳಗಿನ ಚೀಟಿಯಲ್ಲಿ ಬಟ್ಟೆಯ ಬಗೆ, ಅಳತೆ, ಜಿಲ್ಲೆಗಳು ನಮೂದಾಗುತ್ತವೆ. ಹೊಲಿದವಳ ಹೆಸರೂ ಈಚೆಗೆ ಅಲ್ಲಲ್ಲಿ ಕಾಣುತ್ತದೆ. ಆದರೆ ಹೊಲಿದ ಮೇಲೆ ಒಪ್ಪಲಿಲ್ಲವೆಂದು ಬಿಚ್ಚಿ, ಬೇರೆ ತುಣುಕಿಟ್ಟು ಮತ್ತೆ ಹೊಲಿದ ಜಾಗಗಳು ಕೆಲವು ಕೌದಿಗಳಲ್ಲಿ ಇರುತ್ತವೆ. ಹಳೆಯ ಸೂಜಿಯ ತೂತುಗಳು ಬಟ್ಟೆಯಲ್ಲಿ ಉಳಿದಿರುತ್ತವೆ. ಬೆಳಕಿಗೆ ಹಿಡಿದರೆ ಕಾಣುತ್ತವೆ. ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮ ಸಂಶೋಧಕರು ಹೊಲಿದವಳನ್ನು ಕೇಳಬೇಕಾದ ಪ್ರಶ್ನೆ ‘ಇದನ್ನು ಹೇಗೆ ಮಾಡಿದಿರಿ’ ಎಂಬುದಲ್ಲ. ‘ಇಲ್ಲಿ ಮೊದಲು ಏನಿಟ್ಟಿದ್ದಿರಿ, ಯಾಕೆ ತೆಗೆದಿರಿ’ ಎಂಬುದು.